ಓಮ್ನಿಯ ಹಿಂದಿನ ಥರ್ಮಾಕೋಲ್ ಪೆಟ್ಟಿಗೆ: ಒಂದು ಪ್ರಕರಣ ಅಧ್ಯಯನ

ಮೈಸೂರಿನ ಧನ್ವಂತರಿ ರಸ್ತೆಯಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಕ್ಲಿನಿಕ್ಕು, ಲ್ಯಾಬು, ಔಷಧದ ಅಂಗಡಿಗಳ ಸಾಲೇ ಆ ರಸ್ತೆ. ನಮಗೆ ಇನ್ಸುಲಿನ್ ಮತ್ತು ಲಸಿಕೆಗಳು ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ತಣ್ಣಗೆ ಬರುತ್ತವೆ. ಖಾಲಿ ಪೆಟ್ಟಿಗೆಗಳನ್ನು ಎಸೆಯಲು ಮನಸ್ಸು ಬಾರದೆ 2022ರ ಮಳೆಗಾಲದಲ್ಲಿ ಒಂದನ್ನು ನಮ್ಮ ಹಳೆಯ ಬಿಳಿ ಓಮ್ನಿ ವ್ಯಾನಿನ ಹಿಂದಿನ ಸೀಟಿನ ಹಿಂದೆ ಇಟ್ಟೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಮನೆಗೆ ಹೋಗುವಾಗ ಅಂಗಡಿ ಜಗಲಿಗಳ ಮೇಲೆ ಮಲಗಿದವರನ್ನು ದಿನವೂ ನೋಡುತ್ತಿದ್ದೆ. ಅವರಿಗೆ ಕೊಡಲು ಏನಾದರೂ ಜೊತೆಯಲ್ಲಿರಲಿ ಎಂಬುದಷ್ಟೇ ಆಗಿನ ಯೋಚನೆ. ಗ್ಲೂಕೋಸ್ ಬಿಸ್ಕತ್ತು, ಬನ್ನು, ನೀರಿನ ಬಾಟಲಿ, ಸೋಪು, ಗಾಯದ ಪಟ್ಟಿ, ಚಳಿಗಾಲದಲ್ಲಿ ಎರಡು ಕಂಬಳಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಷ್ಟನ್ನೇ ತುಂಬುತ್ತಾ, ಹಂಚುತ್ತಾ, ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ನೆಮ್ಮದಿಯಲ್ಲಿದ್ದೆ.

ಆ ನೆಮ್ಮದಿ ಒಬ್ಬ ವ್ಯಕ್ತಿಯ ವಿಷಯದಲ್ಲಿ ಹೇಗೆ ತಪ್ಪಾಯಿತು, ಆಮೇಲೆ ಪೆಟ್ಟಿಗೆ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಕೇಳಿದ್ದೇನೆ. ಹೆಸರು, ಹಳ್ಳಿ ಬರೆಯಬೇಡಿ ಎಂದರು. ಎದುರು ಸಿಕ್ಕಾಗ ಕರೆಯುವಂತೆ ಇಲ್ಲಿಯೂ ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ.

ಮಲಗಿದವರು ಯಾರು

ಮೊದಲು ಒಂದು ಮಾತು ಹೇಳಬೇಕು. ಕೆ.ಆರ್. ಆಸ್ಪತ್ರೆಯ ಸುತ್ತಮುತ್ತ, ಬಸ್ ನಿಲ್ದಾಣದ ಬಳಿ, ಮಾರುಕಟ್ಟೆಯ ಜಗಲಿಗಳಲ್ಲಿ ರಾತ್ರಿ ಮಲಗಿರುವವರೆಲ್ಲ ಮನೆಯಿಲ್ಲದವರಲ್ಲ. ಮಂಡ್ಯ, ಚಾಮರಾಜನಗರ, ಕೊಡಗು, ಎಚ್.ಡಿ. ಕೋಟೆಯಿಂದ ರೋಗಿಯನ್ನು ಕರೆತಂದವರು ಲಾಡ್ಜಿಗೆ ಕೊಡಲು ಹಣವಿಲ್ಲದೆ ಹೊರಗೆ ಮಲಗುತ್ತಾರೆ. ಬೆಳಗಿನ ಜಾವ ಮೂಟೆ ಇಳಿಸಬೇಕಾದ ಹಮಾಲಿಗಳು ಮಲಗುತ್ತಾರೆ. ಅವರಿಗೆಲ್ಲ ಒಂದು ಊರು, ಹಿಂದಿರುಗುವ ಒಂದು ದಿನ ಇರುತ್ತದೆ. ಜನಗಣತಿಯವರು ಮನೆಯಿಲ್ಲದವರನ್ನು ಎಣಿಸಿದ್ದು 2011ರ ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ. ರಸ್ತೆಬದಿ, ಮೇಲ್ಸೇತುವೆಯ ಅಡಿ, ಹ್ಯೂಮ್ ಪೈಪು, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರ್ಮು ಎಲ್ಲವನ್ನೂ ಸೇರಿಸಿ ದೇಶದಲ್ಲಿ ಸಿಕ್ಕವರು 17.7 ಲಕ್ಷ. ಒಂದು ರಾತ್ರಿ ನೋಡಿದರೆ ಯಾರು ಯಾರೆಂದು ತಿಳಿಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ಆ ಜಗಲಿಗಳಲ್ಲೇ. ಯಾರ ದಿಂಬಿನ ಪಕ್ಕದಲ್ಲಿ ಆಸ್ಪತ್ರೆಯ ಚೀಟಿ ಮತ್ತು ಫ್ಲಾಸ್ಕ್ ಇದೆಯೋ ಅವರಿಗೆ ಬೇಕಾದದ್ದು ಬೇರೆ, ಯಾರ ತಲೆಯಡಿ ಗಂಟು ಇದೆಯೋ ಅವರಿಗೆ ಬೇಕಾದದ್ದು ಬೇರೆ.

ಯಜಮಾನರ ತಲೆಯಡಿ ಇದ್ದದ್ದು ಗಂಟು. ವಯಸ್ಸು ಅರವತ್ತರ ಆಚೆ ಈಚೆ. ಮಂಡ್ಯ ಜಿಲ್ಲೆಯ ಹಳ್ಳಿಯವರು. ಮದುವೆ ಮನೆಗಳ ಅಡುಗೆ ಭಟ್ಟರ ತಂಡದಲ್ಲಿ ಪಾತ್ರೆ ಎತ್ತುವುದು, ನೀರು ಹೊರುವುದು, ಬಡಿಸುವುದು ಅವರ ಕೆಲಸ. ಹೆಂಡತಿ ತೀರಿಕೊಂಡ ಮೇಲೆ, ಜಮೀನಿನ ಪಾಲಿನ ಮಾತು ಕೆಟ್ಟ ಮೇಲೆ, ಊರಿಗೆ ಹೋಗುವುದನ್ನು ಬಿಟ್ಟಿದ್ದರು. ಕೆಲಸವಿದ್ದ ರಾತ್ರಿ ಛತ್ರದಲ್ಲೇ ಮಲಗುತ್ತಿದ್ದರು, ಇಲ್ಲದ ರಾತ್ರಿ ಇರ್ವಿನ್ ರಸ್ತೆಯ ಒಂದು ಅಂಗಡಿಯ ಮುಂದೆ. ಅವರು ಒಂದು ದಿನವೂ ಯಾರ ಮುಂದೆಯೂ ಕೈ ಚಾಚಿದವರಲ್ಲ.

ಬಿಳಿ ವ್ಯಾನು

2023ರ ಕಾರ್ತಿಕದ ಒಂದು ರಾತ್ರಿ ಅವರ ಮುಂದೆ ಓಮ್ನಿ ನಿಲ್ಲಿಸಿದೆ. ಅಂಗಡಿಯ ಹುಡುಗ ನನ್ನ ಜೊತೆಗಿದ್ದ. ಅವನನ್ನು ದಾರಿಯಲ್ಲಿ ಅವನ ಮನೆಗೆ ಬಿಡುವುದು ರೂಢಿ, ಒಬ್ಬಳೇ ನಿಲ್ಲಿಸುವುದಿಲ್ಲ. ವಾಹನದ ಬಾಗಿಲು ಸರಿದ ಸದ್ದಿಗೆ ಯಜಮಾನರು ಎದ್ದವರೇ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕುಂಟುತ್ತಾ ಗಲ್ಲಿಯೊಳಗೆ ಹೊರಟುಹೋದರು. ನಾವು ಕಂಬಳಿ ಹಿಡಿದು ನಿಂತೇ ಇದ್ದೆವು.

ಭಿಕ್ಷಾಟನೆಯನ್ನು ತಡೆಯಲು ಕರ್ನಾಟಕದಲ್ಲಿ 1975ರ ಕಾಯಿದೆ ಇದೆ. ಅದರ ಪ್ರಕಾರ ಬೇಡುತ್ತಿರುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಬಹುದು. ಆ ಕೇಂದ್ರಗಳಿಗಾಗಿ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 3ರಂತೆ ಭಿಕ್ಷುಕರ ಉಪಕರ ಕಟ್ಟುತ್ತೇವೆ. ಜಗಲಿಯ ಮೇಲೆ ಮಲಗಿದವರಿಗೆ ಕಾಯಿದೆಯ ಕಲಂಗಳು ಗೊತ್ತಿಲ್ಲದಿದ್ದರೂ ರಾತ್ರಿ ಬಂದು ನಿಲ್ಲುವ ಬಿಳಿ ವ್ಯಾನು ಗೊತ್ತು. ಯಾರನ್ನೋ ಹಾಗೆ ಕರೆದೊಯ್ದ ಕಥೆ ಬಾಯಿಂದ ಬಾಯಿಗೆ ಹರಿದಿರುತ್ತದೆ. ಕೆಲಸ ಮಾಡಿ ತಿನ್ನುವವನು, ನನ್ನನ್ನು ಭಿಕ್ಷುಕನೆಂದು ಎತ್ತಿಕೊಂಡು ಹೋದರೆ ನನ್ನ ಮಾತು ಯಾರು ಕೇಳುತ್ತಾರೆ ತಾಯಿ, ಎಂದು ಅವರೇ ಮುಂದೊಂದು ದಿನ ಹೇಳಿದರು.

ಮರುದಿನದಿಂದ ಓಮ್ನಿಯನ್ನು ದೂರದಲ್ಲಿ, ದೀಪದ ಕಂಬದ ಕೆಳಗೆ ನಿಲ್ಲಿಸಿ ನಡೆದು ಹೋಗತೊಡಗಿದೆವು. ಕೈಯಲ್ಲಿ ಚಿಕ್ಕ ಚೀಲ ಮಾತ್ರ. ನಾಲ್ಕು ಹೆಜ್ಜೆ ಹಿಂದೆ ನಿಂತು, ಯಜಮಾನರೇ, ಎದ್ದಿದ್ದೀರಾ, ಎಂದು ಕೇಳುವುದು. ಉತ್ತರ ಬಾರದಿದ್ದರೆ ಹಿಂದಿರುಗುವುದು. ಮೂರನೆಯ ರಾತ್ರಿ ಉತ್ತರ ಬಂತು. ಬಿಸ್ಕತ್ತು, ಬನ್ನು, ಕಂಬಳಿ ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು.

ಕಂಬಳಿ

ನಾಲ್ಕು ದಿನ ಕಳೆದು ನೋಡಿದರೆ ಯಜಮಾನರು ಬರೀ ಪಂಚೆ ಹೊದ್ದು ಮುದುಡಿ ಮಲಗಿದ್ದರು. ನಾನು ಕೊಟ್ಟ ಕಂಬಳಿ ಎರಡು ಅಂಗಡಿಗಳಾಚೆ ಮಲಗಿದ್ದ ಒಬ್ಬ ಹುಡುಗನ ಮೇಲಿತ್ತು. ನನಗೆ ಸಿಟ್ಟು ಬಂತು. ಮಾರಿಕೊಂಡಿದ್ದಾರೆ ಎಂದುಕೊಂಡೆ. ಆ ವಾರ ಅವರ ಬಳಿ ನಿಲ್ಲಿಸಲೂ ಇಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬರೆಯದೆ ಬಿಟ್ಟರೆ ಪ್ರಕರಣ ಪೂರ್ತಿಯಾಗುವುದಿಲ್ಲ.

ಡಿಸೆಂಬರಿನ ಮೊದಲ ವಾರ ಕೇಳಿಯೇಬಿಟ್ಟೆ. ಅವರು ಸಿಟ್ಟಾಗದೆ ಒಂದೊಂದಾಗಿ ಹೇಳಿದರು. ಬೆಳಿಗ್ಗೆ ಎಂಟೂವರೆಗೆ ಅಂಗಡಿಯವರು ಷಟರ್ ಎತ್ತುತ್ತಾರೆ, ಅಷ್ಟರೊಳಗೆ ಜಗಲಿ ಗುಡಿಸಿ ಹೊರಡಬೇಕು. ಆ ಜಗಲಿಯನ್ನು ದಿನವೂ ಗುಡಿಸುವುದೇ ಅವರು ಕೊಡುವ ಬಾಡಿಗೆ. ಹಗಲಿಡೀ ಕಂಬಳಿಯನ್ನು ಎಲ್ಲಿ ಇಡುವುದು? ಹೆಗಲ ಮೇಲೆ ಹೊತ್ತು ಛತ್ರಕ್ಕೆ ಹೋದರೆ ಭಟ್ಟರು ಒಳಗೆ ಬಿಡುವುದಿಲ್ಲ, ಬೀದಿಯ ಗಂಟನ್ನು ಅಡುಗೆಮನೆಗೆ ತರಬೇಡ ಎನ್ನುತ್ತಾರೆ. ಒಮ್ಮೆ ಮಳೆಗೆ ನೆನೆದರೆ ಎರಡು ದಿನ ಒಣಗುವುದಿಲ್ಲ, ಮುಗ್ಗು ವಾಸನೆ ಹಿಡಿಯುತ್ತದೆ. ಚಳಿಗಾಲದಲ್ಲಿ ಕಂಬಳಿ ಕೊಡುವವರು ಬಹಳ ಜನ, ಇಟ್ಟುಕೊಳ್ಳಲು ಜಾಗ ಕೊಡುವವರು ಯಾರೂ ಇಲ್ಲ. ಆ ಹುಡುಗನಿಗೆ ಜ್ವರವಿತ್ತು, ಅವನ ಮೈ ನಡುಗುತ್ತಿತ್ತು. ಅವನು ಮೂಟೆ ಹೊರುವ ಕಡೆ ಒಂದು ಗೋದಾಮಿನ ಮೂಲೆಯಲ್ಲಿ ಕಂಬಳಿ ಇಡಲು ಬಿಡುತ್ತಾರೆ. ಅವನಿಗೆ ಕೊಟ್ಟೆ, ಎಂದರು.

ಹಾಗಾದರೆ ನಿಮಗೇನು ಬೇಕು ಯಜಮಾನರೇ? ಒಂದೂವರೆ ವರ್ಷದಿಂದ ಪೆಟ್ಟಿಗೆ ಹೊತ್ತು ತಿರುಗಿದ ನಾನು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ್ದು ಅಂದೇ ಮೊದಲು.

ಅವರು ಕೇಳಿದ ವಸ್ತುಗಳು ಇವು: ಆರಡಿ ಉದ್ದದ ಫ್ಲೆಕ್ಸ್ ತುಂಡು ಒಂದು, ಎರಡು ಪಿನ್ನು, ಕಾಗದ ನೆನೆಯದ ಹಾಗೆ ಇಡಲು ಗಟ್ಟಿ ಪ್ಲಾಸ್ಟಿಕ್ ಕವರು, ಮತ್ತು ಚಿಲ್ಲರೆ.

ಫ್ಲೆಕ್ಸ್ ಯಾಕೆಂದರೆ ಚಳಿ ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ಕಲ್ಲಿನ ಜಗಲಿಯಿಂದ ಏರುತ್ತದೆ. ಫ್ಲೆಕ್ಸ್ ಹಾಸಿ ಅದರ ಮೇಲೆ ರಟ್ಟು ಹಾಕಿದರೆ ಪಂಚೆಯೇ ಸಾಕು. ಮಳೆ ಬಂದರೆ ಅದನ್ನೇ ಹೊದೆಯಬಹುದು, ಬೆಳಿಗ್ಗೆ ಒರೆಸಿ ಸುತ್ತಿದರೆ ಕಂಕುಳಲ್ಲಿ ಹಿಡಿಯುವಷ್ಟು ಆಗುತ್ತದೆ. ಪಿನ್ನು ಒಳಜೇಬಿನ ಬಾಯಿ ಮುಚ್ಚಲು. ನಿದ್ದೆಯಲ್ಲಿ ಕೂಲಿಯ ಹಣ ಹೋಗುವುದು ಅಲ್ಲಿಂದಲೇ. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡ್ ಮತ್ತು ಊರಿನ ರೇಷನ್ ಕಾರ್ಡಿನ ನಕಲು ಇಡಬೇಕಿತ್ತು. ಚಿಲ್ಲರೆ ಶೌಚಾಲಯಕ್ಕೆ, ಸ್ನಾನಕ್ಕೆ, ಇಂದಿರಾ ಕ್ಯಾಂಟೀನಿಗೆ. ಅಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ನೋಟು ಕೊಟ್ಟರೆ ಕುಡಿತಕ್ಕೆ ಹೋಗುತ್ತದೆ ಎಂದು ನನಗೆ ಬುದ್ಧಿ ಹೇಳಿದವರು ಬಹಳ. ಕುಡಿಯುವವರೂ ಇದ್ದಾರೆ, ನಿಜ. ಆದರೆ ಬೆಳಿಗ್ಗೆ ಸ್ನಾನ ಮಾಡದೆ ಬಡಿಸುವ ಕೆಲಸಕ್ಕೆ ಹೋದರೆ ಅವರನ್ನು ಪಂಕ್ತಿಯ ಹತ್ತಿರ ಸೇರಿಸುವುದಿಲ್ಲ ಎಂಬುದೂ ಅಷ್ಟೇ ನಿಜ. ಅಂದಿನಿಂದ ಹತ್ತರ ನೋಟುಗಳ ಒಂದು ಸಣ್ಣ ಕಟ್ಟು ಪೆಟ್ಟಿಗೆಯಲ್ಲಿದೆ.

ಅದೇ ವಾರದ ಕೊನೆಗೆ ಮತ್ತೊಂದು ಕೇಳಿದರು. ಅಂಗಾಲಿನಲ್ಲಿ ಆಣಿಯಾಗಿದೆ ತಾಯಿ, ಆಣಿ ಪಟ್ಟಿ ಇದ್ದರೆ ಕೊಡಿ. ನನ್ನದು ಔಷಧದ ಅಂಗಡಿ. ಮರುದಿನವೇ ನಾಲ್ಕು ಪಟ್ಟಿ ತಂದುಕೊಟ್ಟೆ. ಈ ಬಾರಿ ಕೇಳಿ ಕೊಡುತ್ತಿದ್ದೇನೆ ಎಂಬ ತೃಪ್ತಿಯೂ ಇತ್ತು.

ಹಸಿವಿನ ಪಂಚಾಂಗ

ಅಡುಗೆ ಕೆಲಸದವರ ಹಸಿವಿಗೆ ಒಂದು ಪಂಚಾಂಗವಿದೆ. ಕಾರ್ತಿಕದಲ್ಲಿ ತುಳಸಿ ಹಬ್ಬದ ಮೇಲೆ ಮದುವೆಗಳು ಶುರುವಾದರೆ ದಿನವೂ ಎರಡು ಹೊತ್ತು ಎಲೆ ಊಟ, ಕೈಗೆ ಕೂಲಿ. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹಿಡಿಯಿತೆಂದರೆ ಸಂಕ್ರಾಂತಿಯವರೆಗೆ ಛತ್ರಗಳ ಬಾಗಿಲು ಮುಚ್ಚಿದಂತೆಯೇ. ಮತ್ತೆ ಆಷಾಢದಲ್ಲಿ ಹಾಗೆಯೇ ಒಂದು ತಿಂಗಳು. ಊರಿನವರಿಗೆ ಇವು ಪೂಜೆಯ ಮಾಸಗಳು, ಇವರಿಗೆ ಕೂಲಿಯಿಲ್ಲದ ಮಾಸಗಳು. ಧನುರ್ಮಾಸದ ಮುಂಜಾವಿನಲ್ಲಿ ದೇವಸ್ಥಾನಗಳಲ್ಲಿ ಬಿಸಿ ಹುಗ್ಗಿ ಸಿಗುತ್ತದೆ. ಯಜಮಾನರು ಐದಕ್ಕೇ ಎದ್ದು, ಸಾಲಿನಲ್ಲಿ ನಿಂತು, ದೊನ್ನೆಯಲ್ಲಿ ಸಿಹಿ ಪೊಂಗಲ್ ತಿಂದು ಬರುತ್ತಿದ್ದರು. ಮಧ್ಯಾಹ್ನಕ್ಕೆ ಕೈಯಲ್ಲಿದ್ದರೆ ಕ್ಯಾಂಟೀನು. ರಾತ್ರಿಗೆ ನನ್ನ ಪೆಟ್ಟಿಗೆ. ಕೆಲಸವಿಲ್ಲದ ದಿನಗಳೆಂದು ನಾನು ಎರಡರ ಬದಲು ನಾಲ್ಕು ಬಿಸ್ಕತ್ತಿನ ಪೊಟ್ಟಣ, ಒಂದು ಬನ್ನು, ಬಾಳೆಹಣ್ಣು ಕೊಡತೊಡಗಿದೆ. ಚಿಕ್ಕಿ ಕೊಟ್ಟರೆ ಹಲ್ಲಿಲ್ಲ ಎಂದು ನಕ್ಕು ಹಿಂದಿರುಗಿಸಿದ್ದರಿಂದ ಅದರ ಬದಲಿಗೆ ಜಾಮ್ ಸವರಿದ ಬ್ರೆಡ್ಡು.

ಈ ನಡುವೆ ಅವರು ರಾತ್ರಿ ಹಲವು ಬಾರಿ ಏಳುತ್ತಾರೆ, ನೀರು ಹೆಚ್ಚು ಕೇಳುತ್ತಾರೆ ಎಂದು ಅಂಗಡಿಯ ಹುಡುಗ ಎರಡು ಸಲ ಹೇಳಿದ. ನಾನು ಒಂದು ಬಾಟಲಿ ಹೆಚ್ಚಿಗೆ ಇಟ್ಟೆ. ಕೌಂಟರಿನ ಹಿಂದೆ ನಿಂತಿದ್ದಾಗ ಯಾರಾದರೂ ಇದೇ ಮಾತು ಹೇಳಿದ್ದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದೆ. ರಸ್ತೆಯ ಮೇಲೆ ನನ್ನ ಕಸುಬು ನನಗೆ ನೆನಪಾಗಲಿಲ್ಲ. ಕೊಡುವವಳಾಗಿ ಮಾತ್ರ ಹೋಗಿದ್ದೆ.

384

ಡಿಸೆಂಬರಿನ ಕೊನೆಯ ವಾರ, ಕ್ರಿಸ್‌ಮಸ್ ಕಳೆದ ಮೇಲಿನ ರಾತ್ರಿ, ಹತ್ತಿರ ಹೋಗುತ್ತಿದ್ದಂತೆ ವಾಸನೆ ಬಡಿಯಿತು. ಸತ್ತ ಇಲಿಯ ಹಾಗೆ. ಮೋರಿಯದ್ದಿರಬೇಕು ಎಂದ ಹುಡುಗ. ಯಜಮಾನರು ಎದ್ದು ಕೂರಲಿಲ್ಲ. ಮೊಬೈಲಿನ ಬೆಳಕು ಹಾಕಿ, ಕಾಲು ತೋರಿಸಿ ಯಜಮಾನರೇ, ಎಂದೆ. ಬೇಡ ಎಂದರು. ಒತ್ತಾಯಿಸದೆ ಅಲ್ಲೇ ಕುಳಿತೆ. ಹತ್ತು ನಿಮಿಷ ಅವರ ಊರಿನ ಕೆರೆ, ಈ ಸಲ ಬಾರದ ಮಳೆ, ಏನೇನೋ ಮಾತಾಯಿತು. ಆಮೇಲೆ ಅವರೇ ಸುತ್ತಿದ್ದ ಬಟ್ಟೆ ಬಿಚ್ಚಿದರು.

ಆಣಿಯೆಂದು ಅವರು ಹೇಳಿದ್ದ ಜಾಗ ಬಲಗಾಲಿನ ಬೆರಳುಗಳ ಬುಡದಲ್ಲಿತ್ತು. ಅಲ್ಲಿ ಈಗ ಎಂಟಾಣೆ ಅಗಲದ ಕುಳಿ. ಸುತ್ತ ಬಿಳಿಚಿ ಬೆಂದಂತಾದ ಚರ್ಮ. ಎರಡನೆಯ ಬೆರಳು ಕಪ್ಪಾಗಿತ್ತು, ಮೂರನೆಯದು ಊದಿತ್ತು. ನೋವಿಲ್ಲ ತಾಯಿ, ಅದೇ ಆಶ್ಚರ್ಯ, ಎಂದರು. ನನಗೆ ಗಂಟಲು ಕಟ್ಟಿತು. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಸತ್ತುಹೋಗಬಹುದು, ಆಗ ಕಲ್ಲು ಒತ್ತಿದ್ದು, ಚರ್ಮ ಸುಟ್ಟದ್ದು ಯಾವುದೂ ತಿಳಿಯುವುದಿಲ್ಲ. ಆಣಿ ಪಟ್ಟಿಯಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ. ಗಟ್ಟಿ ಚರ್ಮವನ್ನು ಮೆತ್ತಗೆ ಮಾಡಿ ಕಳಚುವುದೇ ಅದರ ಕೆಲಸ. ಸಕ್ಕರೆ ಕಾಯಿಲೆಯವರು ಬಳಸಬಾರದು ಎಂದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಪ್ರತಿಯೊಬ್ಬರಿಗೂ, ಶುಗರ್ ಇದೆಯೇ ಎಂದು ಕೇಳಿಯೇ ಕೊಡುತ್ತೇನೆ. ಇವರನ್ನು ಕೇಳಿರಲಿಲ್ಲ, ಕಾಲನ್ನೂ ನೋಡಿರಲಿಲ್ಲ, ಕತ್ತಲಲ್ಲಿ ಕೈಗೆ ಕೊಟ್ಟು ಬಂದಿದ್ದೆ. ಗಾಯ ಮೊದಲೇ ಇತ್ತು, ನಾನು ಕೊಟ್ಟ ಪಟ್ಟಿ ಅದರ ಬಾಯಿ ತೆರೆಯಿತು.

ಹುಡುಗನನ್ನು ಅಂಗಡಿಗೆ ಓಡಿಸಿ ಗ್ಲೂಕೋಮೀಟರ್ ತರಿಸಿದೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 384, ಮಿತಿಮೀರಿದ್ದು. ಆ ಸಂಜೆ ಅವರು ತಿಂದದ್ದು ಹಿಂದಿನ ರಾತ್ರಿ ನಾನು ಕೊಟ್ಟಿದ್ದ ಬಿಸ್ಕತ್ತುಗಳನ್ನೇ.

ಅಂದು ರಾತ್ರಿ ಮಾಡಿದ್ದು ಇಷ್ಟೇ. ಸಲೈನ್ ಬಾಟಲಿಯಿಂದ ಗಾಯವನ್ನು ತೊಳೆದು, ಅಂಟಿಕೊಳ್ಳದ ಗಾಜ್ ಇಟ್ಟು, ಸಡಿಲವಾಗಿ ಬ್ಯಾಂಡೇಜ್ ಸುತ್ತಿದೆ. ಸ್ಪಿರಿಟ್ ಇಲ್ಲ, ಅರಿಶಿನ ಇಲ್ಲ, ಪುಡಿ ಸುರಿಯುವುದಿಲ್ಲ. ಅವು ಗಾಯದೊಳಗೆ ಗಂಟು ಕಟ್ಟುತ್ತವೆ, ಇಲ್ಲವೇ ಸುಡುತ್ತವೆ. ಆ್ಯಂಟಿಬಯೋಟಿಕ್ ಮಾತ್ರೆ ನನ್ನ ಕೈಯಲ್ಲೇ ಇತ್ತು, ಕೊಡಲಿಲ್ಲ. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧ ಅದು, ಅದಕ್ಕೂ ಮಿಗಿಲಾಗಿ ಈ ಗಾಯಕ್ಕೆ ಬೇಕಾದದ್ದು ಚಾಕು ಹಿಡಿದ ಶಸ್ತ್ರವೈದ್ಯರು. ಎರಡು ಮಾತ್ರೆಯಿಂದ ಜ್ವರ ಇಳಿದಿದ್ದರೆ ಅವರು ಆಸ್ಪತ್ರೆಯ ಮಾತೇ ಎತ್ತಲು ಬಿಡುತ್ತಿರಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಕಾಲು ತೆಗೆಯುತ್ತಾರೆ ಎಂಬ ಭಯವಿರಬೇಕು ಎಂದು ನಾನು ಸಮಾಧಾನ ಹೇಳುತ್ತಾ ಹೋದೆ. ಅದಲ್ಲ, ಎಂದರು. ಗಂಟು ಯಾರು ನೋಡಿಕೊಳ್ಳುತ್ತಾರೆ? ಹದಿನೈದು ದಿನ ಬಿಟ್ಟರೆ ಈ ಜಗಲಿ ಬೇರೆಯವರ ಪಾಲಾಗುತ್ತದೆ. ಜೊತೆಗೆ ಯಾರಿದ್ದಾರೆ ಎಂದು ವಾರ್ಡಿನಲ್ಲಿ ಕೇಳಿದರೆ ಯಾರ ಹೆಸರು ಹೇಳಲಿ?

ಇವು ಮೂರೂ ಅವರಿಗೆ ಕಾಲಿಗಿಂತ ದೊಡ್ಡ ಪ್ರಶ್ನೆಗಳಾಗಿದ್ದವು. ಗಂಟನ್ನು ನನ್ನ ಅಂಗಡಿಯ ಅಟ್ಟದ ಮೇಲೆ ಇಡುತ್ತೇನೆ ಎಂದೆ. ಅವರೆದುರಿಗೇ ಅದಕ್ಕೆ ಹಗ್ಗ ಬಿಗಿದು, ಹಗ್ಗದ ಗಂಟಿಗೆ ಅವರ ಪಿನ್ನು ಸಿಕ್ಕಿಸಿದೆವು, ಯಾರೂ ಬಿಚ್ಚಿಲ್ಲ ಎಂದು ಆಮೇಲೆ ಅವರೇ ನೋಡಿಕೊಳ್ಳಲಿ ಎಂದು. ಉಳಿದ ಎರಡಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಎರಡು ಅಂಗಡಿಗಳಾಚೆಯಿಂದ ಎದ್ದು ಬಂತು. ಆ ಕಂಬಳಿಯ ಹುಡುಗ. ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದ. ತಾತನ ಜೊತೆ ನಾನಿರುತ್ತೇನೆ ಅಕ್ಕ, ಎಂದ. ಜಗಲಿ ಗುಡಿಸುವುದನ್ನು ತನ್ನ ಜೊತೆಗಾರನಿಗೆ ಒಪ್ಪಿಸುತ್ತೇನೆ ಎಂದ. 108ಕ್ಕೆ ಕರೆ ಮಾಡಿದೆ. ಆಂಬುಲೆನ್ಸ್ ಬಂದಾಗ ಯಜಮಾನರು ಅವನ ಹೆಗಲ ಮೇಲೆ ಕೈ ಹಾಕಿ ತಾವೇ ಹತ್ತಿದರು.

ವಾರ್ಡಿನ ಹದಿನಾರು ದಿನ

ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಹದಿನಾರು ದಿನವೂ ಆ ಹುಡುಗ ಮಂಚದ ಕೆಳಗೆ ಅದೇ ಕಂಬಳಿ ಹಾಸಿ ಮಲಗಿದ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಿ ಮೂಟೆ ಇಳಿಸಿ, ಎಂಟಕ್ಕೆ ಹಿಂದಿರುಗುತ್ತಿದ್ದ. ನಾನು ಅವರನ್ನು ಎಷ್ಟು ಸಲ ನೋಡಲು ಹೋದರೂ ಆ ಕಂಬಳಿಯನ್ನು ಕಂಡು ಮುಖ ತಗ್ಗಿಸುತ್ತಿದ್ದೆ. ಒಂದು ವಾರ ಅದರ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಮನೆಗೆ ಕಳುಹಿಸುವ ಮಾತು ಬಂದಾಗ ಅಲ್ಲಿನ ಯುವ ವೈದ್ಯೆ ಕೇಳಿದ ಒಂದು ಪ್ರಶ್ನೆಯನ್ನು ನಾನು ಮರೆಯುವುದಿಲ್ಲ: ಇವರು ಊಟ ಎಲ್ಲಿ ಮಾಡುತ್ತಾರೆ? ಮದುವೆಯಿದ್ದರೆ ಎರಡು ಹೊತ್ತು, ಇಲ್ಲದಿದ್ದರೆ ಗೊತ್ತಿಲ್ಲ ಎಂದೆವು. ಹಾಗಾದರೆ ಊಟ ತಪ್ಪಿದ ದಿನ ಸಕ್ಕರೆಯನ್ನು ಕುಸಿಯುವಂತೆ ಮಾಡುವ ಮಾತ್ರೆ ಬೇಡ ಎಂದು ಚೀಟಿಯಲ್ಲಿ ಒಂದನ್ನು ಹೊಡೆದುಹಾಕಿ ಮೆಟ್‌ಫಾರ್ಮಿನ್ ಮಾತ್ರ ಉಳಿಸಿದರು. ವಾರ್ಡಿನಲ್ಲಿ ಕೊಡುತ್ತಿದ್ದ ಇನ್ಸುಲಿನ್ ನಿಲ್ಲಿಸಿದರು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಜಗಲಿಯ ಮೇಲೆ ಫ್ರಿಜ್ ಎಲ್ಲಿಂದ ಬರಬೇಕು? ರೋಗಿ ಮಲಗುವ ಜಾಗವನ್ನು ಕೇಳಿ ಔಷಧ ಬರೆಯುವ ವೈದ್ಯರು ಇದ್ದಾರೆ ಎಂಬುದೇ ನನಗೆ ಆ ತಿಂಗಳ ದೊಡ್ಡ ಸಮಾಧಾನ.

ಮಾತ್ರೆಗಳನ್ನು ಅಂಗಡಿಯಲ್ಲೇ ಇಟ್ಟುಕೊಂಡೆ. ಬೆಳಿಗ್ಗೆ ತಿಂಡಿ ತಿಂದು ಬಂದು ಕೌಂಟರಿನ ಮುಂದೆ ಒಂದು ನುಂಗುತ್ತಾರೆ, ರಾತ್ರಿಯದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುತ್ತಾರೆ. ವಾರಕ್ಕೊಮ್ಮೆ ಬೆರಳು ಚುಚ್ಚಿ ನೋಡುತ್ತೇವೆ. ಹವಾಯಿ ಚಪ್ಪಲಿ ಬಿಡಿಸಿ ಸಕ್ಕರೆ ಕಾಯಿಲೆಯವರ ಪಾದಕ್ಕೆಂದೇ ಮಾಡುವ ಎಂಸಿಆರ್ ಚಪ್ಪಲಿ ಕೊಡಿಸಿದ್ದೇವೆ, ಹಿಂದೆ ಪಟ್ಟಿ ಇರುವಂಥದ್ದು.

ರಾತ್ರಿಯ ಆಶ್ರಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಗರಗಳ ವಸತಿರಹಿತರಿಗಾಗಿ ಆಗ ಇದ್ದ ಕೇಂದ್ರ ಯೋಜನೆಯ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ 100 ಜನ ತಂಗುವ ಒಂದು ಆಶ್ರಯ ಇರಬೇಕಿತ್ತು, ಒಬ್ಬರಿಗೆ 50 ಚದರಡಿ ಜಾಗ. ಯಜಮಾನರು ಅಂಥ ಒಂದು ಆಶ್ರಯದಲ್ಲಿ ಶಿವರಾತ್ರಿಯವರೆಗೆ ಇದ್ದರು. ಗಾಯ ಒಣಗಿದ್ದು ಅಲ್ಲಿ, ಚೊಕ್ಕ ನೆಲದ ಮೇಲೆ. ಅದಿಲ್ಲದಿದ್ದರೆ ಪಾದವೂ ಉಳಿಯುತ್ತಿರಲಿಲ್ಲ. ಆದರೆ ಮದುವೆ ಮನೆಯ ಪಾತ್ರೆ ತೊಳೆದು ಮುಗಿಯುವಾಗ ಮಧ್ಯರಾತ್ರಿ, ಅಲ್ಲಿ ಬಾಗಿಲು ಹಾಕುವ ಹೊತ್ತು ಅದಕ್ಕಿಂತ ಮೊದಲು. ಕೂಲಿಯೋ ಹಾಸಿಗೆಯೋ ಎಂದಾಗ ಅವರು ಕೂಲಿಯನ್ನು ಆರಿಸಿಕೊಂಡರು. ನಾನು ವಾದಿಸಲಿಲ್ಲ. ಈಗ ನಿಂತು ಬಡಿಸಲಾಗುವುದಿಲ್ಲ, ಕುಳಿತು ತರಕಾರಿ ಹೆಚ್ಚುತ್ತಾರೆ. ಕೆಲಸವಿರುವ ತಿಂಗಳುಗಳಲ್ಲಿ ಆ ಛತ್ರದ ಉಗ್ರಾಣದಲ್ಲೇ ಮಲಗಲು ಭಟ್ಟರು ಒಪ್ಪಿದ್ದಾರೆ.

ಪೆಟ್ಟಿಗೆ ಈಗ

ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿದ್ದು ಅವರು ಆಸ್ಪತ್ರೆಯಲ್ಲಿದ್ದಾಗ. ತಳದಲ್ಲಿ ಕರಗಿ ಅಂಟಿದ್ದ ಮುಲಾಮು, ಕಮಟು ಹಿಡಿದ ಬಿಸ್ಕತ್ತು, ಬಿಸಿಲಿಗೆ ಹಳದಿಯಾದ ಮಾತ್ರೆಗಳು ಸಿಕ್ಕವು. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ವಾಹನದ ಒಳಗೆ ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ 15ರಿಂದ 20 ಡಿಗ್ರಿ ಶಾಖ ಏರುತ್ತದೆ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಮುಂಭಾಗ ಇನ್ನೂ ಬಿಸಿ. ಥರ್ಮಾಕೋಲ್ ಶಾಖವನ್ನು ನಿಧಾನಿಸುತ್ತದೆ, ತಡೆಯುವುದಿಲ್ಲ. ಹಾಗಾಗಿ ಔಷಧ ಮತ್ತು ತಿನಿಸು ಹಗಲು ಅಂಗಡಿಯೊಳಗಿರುತ್ತವೆ, ರಾತ್ರಿ ಹೊರಡುವಾಗ ಮಾತ್ರ ಪೆಟ್ಟಿಗೆ ಸೇರುತ್ತವೆ. ಬಟ್ಟೆ, ಫ್ಲೆಕ್ಸ್, ಚಪ್ಪಲಿ, ಸೋಪು ವಾಹನದಲ್ಲೇ ಇರುತ್ತವೆ.

ತಿನಿಸಿನ ವಿಷಯಕ್ಕೆ ಯಜಮಾನರೇ ದಾರಿ ತೋರಿದರು. ವಾರ್ಡಿನಲ್ಲಿ ಒಂದು ಸಂಜೆ, ನಮ್ಮ ಕಡೆ ಹೊಲಕ್ಕೆ ಹೋಗುವಾಗ ಹುರಿಹಿಟ್ಟು ಕಟ್ಟಿಕೊಂಡು ಹೋಗುತ್ತಿದ್ದೆವು, ನೀವೇಕೆ ಅದನ್ನು ಇಡುವುದಿಲ್ಲ, ಎಂದು ಕೇಳಿದರು. ಹುರಿದು ಅರಳಿಸಿದ ರಾಗಿಯ ಹಿಟ್ಟು. ಒಲೆ ಬೇಡ, ಹಲ್ಲು ಬೇಡ, ವಾರಗಟ್ಟಲೆ ಕೆಡುವುದಿಲ್ಲ, ಹಗುರ. ಮಜ್ಜಿಗೆಗೋ ನೀರಿಗೋ ಉಪ್ಪು ಹಾಕಿ ಕಲಸಿದರೆ ಊಟ. ಜನಿಸಿದಂದಿನಿಂದ ಮೈಸೂರಿನಲ್ಲಿರುವ ನನಗೆ ಅದು ಹೊಳೆದಿರಲಿಲ್ಲ, ಅಂಗಡಿಯ ಬಿಸ್ಕತ್ತೇ ಹೊಳೆದಿತ್ತು. ರಾಗಿಯೂ ಹಿಟ್ಟಿನ ಪದಾರ್ಥವೇ, ಸಕ್ಕರೆಯನ್ನು ಏರಿಸುವುದೇ. ಆದರೂ ಬೆಲ್ಲ ಹಾಕದ ಒಂದು ಹಿಡಿ ಹುರಿಹಿಟ್ಟಿಗೂ ನಾಲ್ಕು ಪೊಟ್ಟಣ ಸಿಹಿ ಬಿಸ್ಕತ್ತಿಗೂ ಬಹಳ ಅಂತರ. ಅದರ ಜೊತೆ ಬೇಯಿಸಿದ ಮೊಟ್ಟೆ, ಅದೇ ದಿನ ಬೇಯಿಸಿದ್ದು. ಹಲ್ಲಿರುವವರಿಗೆ ಹುರಿಗಡಲೆ, ಕಡಲೆಕಾಯಿ. ಸಿಹಿಯನ್ನು ಪೂರ್ತಿ ತೆಗೆದಿಲ್ಲ. ಗ್ಲೂಕೋಸ್ ಪುಡಿಯ ಒಂದು ಪೊಟ್ಟಣ ಬೇರೆ ಡಬ್ಬಿಯಲ್ಲಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರು ಬೆವರಿ ನಡುಗತೊಡಗಿದರೆ ಬೇಕಾಗುವುದು ಅದೇ. ಬೇಸಿಗೆಗೆ ಓಆರ್‌ಎಸ್, ಒಂದು ಲೀಟರಿಗೆ ಕಲಸುವ 20.5 ಗ್ರಾಂ ಪೊಟ್ಟಣ, ಜೊತೆಗೆ ಒಂದು ಲೀಟರಿನದೇ ಬಾಟಲಿ. ಅಳತೆಯ ಬಾಟಲಿ ಇಲ್ಲದೆ ಪೊಟ್ಟಣ ಮಾತ್ರ ಕೊಟ್ಟರೆ ಲೋಟದ ನೀರಿಗೆ ಇಡೀ ಪುಡಿ ಸುರಿದು ಕುಡಿಯುತ್ತಾರೆ. ಅದು ಅಪಾಯ.

ಕಂಬಳಿ ಈಗಲೂ ಒಂದು ಇದೆ, ಕೇಳಿದವರಿಗೆ. ಆಣಿ ಪಟ್ಟಿ ಇಲ್ಲ. ಸೊಳ್ಳೆಗೆ ಹಚ್ಚುವ ಮುಲಾಮಿನ ಸಣ್ಣ ಪೊಟ್ಟಣಗಳು, ಉಗುರು ಕತ್ತರಿ, ಒಳಚಡ್ಡಿ, ಟವೆಲ್, ಪಿನ್ನು. ಮುಚ್ಚಳದ ಒಳಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಸಂಖ್ಯೆಗಳು: 108, 112, ಹಿರಿಯರಿಗೆ 14567, ಮಕ್ಕಳು ಕಂಡರೆ 1098, ಮನಸ್ಸಿನ ತೊಂದರೆಗೆ 14416. ತಮ್ಮಷ್ಟಕ್ಕೆ ತಾವೇ ಮಾತನಾಡುತ್ತಾ ಅಲೆಯುವವರು ಸಿಕ್ಕಾಗ ನಾನು ಏನನ್ನೂ ಕೈಗೆ ತುರುಕುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 100ನೆಯ ಕಲಂ ಅಂಥವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ತಲುಪಿಸುವ ಹೊಣೆಯನ್ನು ಪೊಲೀಸರಿಗೆ ಕೊಟ್ಟಿದೆ. 112ಕ್ಕೆ ಕರೆ ಮಾಡಿ ಆ ಕಲಂ ಹೆಸರಿಸಿ ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಎಲ್ಲಕ್ಕೂ ಮೇಲೆ ಒಂದು ಟಾರ್ಚು ಇದೆ. ಮೊಬೈಲಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಫೋಟೊ ತೆಗೆಯುತ್ತಿದ್ದಾರೆ ಎಂಬ ಅನುಮಾನವನ್ನೂ ಹುಟ್ಟಿಸುತ್ತದೆ. ಟಾರ್ಚನ್ನು ನೆಲಕ್ಕೆ ತಿರುಗಿಸಿಟ್ಟು ಕುಳಿತುಕೊಳ್ಳುತ್ತೇನೆ. ಮೊದಲು ರಾತ್ರಿಗೆ ಹನ್ನೆರಡು ಜನರ ಬಳಿ ನಿಲ್ಲುತ್ತಿದ್ದೆವು, ಈಗ ಮೂವರು, ಹೆಚ್ಚೆಂದರೆ ನಾಲ್ವರು. ಕಾಲು ತೋರಿಸಿ ಎಂದು ಕೇಳುತ್ತೇನೆ. ತೋರಿಸದಿದ್ದರೆ ಮರುದಿನ ಕೇಳುತ್ತೇನೆ.

2024ರ ಆಷಾಢದಲ್ಲಿ ಯಜಮಾನರ ಛತ್ರ ಮುಚ್ಚಿತು, ಅವರು ಮತ್ತೆ ಜಗಲಿಗೆ ಬಂದರು. ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಜನಸಾಗರಕ್ಕೆ ಊರಿನವರು ಹಂಚುವ ಪ್ರಸಾದಕ್ಕೆ ಕೊರತೆಯಿಲ್ಲ. ಶನಿವಾರದಿಂದ ಗುರುವಾರದವರೆಗೆ ಏನು ಎಂಬುದೇ ಪ್ರಶ್ನೆ. ಆ ತಿಂಗಳು ಹುರಿಹಿಟ್ಟು ಎರಡರಷ್ಟು ಮಾಡಿಸಿದೆ. ಒಂದು ಗುರುವಾರ ರಾತ್ರಿ ಸಣ್ಣ ಮಳೆ. ಯಜಮಾನರ ಸಕ್ಕರೆ ನೋಡಿದೆ, 168. ಪಾದ ತೊಳೆದು ಬೆರಳುಗಳಿದ್ದ ಜಾಗವನ್ನು ಟಾರ್ಚಿನಲ್ಲಿ ನೋಡಿದೆ, ಚರ್ಮ ಒಣಗಿ ಗಟ್ಟಿಯಾಗಿತ್ತು. ಹೊರಡಲು ಎದ್ದಾಗ ಅವರೇ ತಡೆದರು.

ಆ ಮೂಲೆಯ ಮೆಟ್ಟಿಲ ಕೆಳಗೆ ಮೂರು ದಿನದಿಂದ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ ತಾಯಿ. ನಾವು ಗಂಡಸರು ಹೋದರೆ ಹೆದರುತ್ತಾಳೆ. ಬರಿಗಾಲು. ನಿನ್ನೆ ಒದ್ದೆ ನೆಲದ ಮೇಲೆ ಅವಳ ಹೆಜ್ಜೆ ನೋಡಿದೆ, ಐದನೆಯ ನಂಬರಿನ ಚಪ್ಪಲಿ ಬೇಕಾಗುತ್ತದೆ, ಎಂದರು.

ಪೆಟ್ಟಿಗೆಯ ಪಕ್ಕದಲ್ಲಿದ್ದ ಚಪ್ಪಲಿಗಳೆಲ್ಲ ಏಳು, ಎಂಟು, ಒಂಬತ್ತು. ಎರಡು ವರ್ಷದಲ್ಲಿ ನಾನು ತಂದವೆಲ್ಲ ಗಂಡಸರ ಅಳತೆಯವು. ಹುಡುಗನನ್ನು ಓಮ್ನಿಯ ಬಳಿಯೇ ನಿಲ್ಲಿಸಿ, ನನ್ನ ಕಾಲಿನಲ್ಲಿದ್ದ ಚಪ್ಪಲಿಯ ಅಡಿ ತಿರುಗಿಸಿ ನೋಡಿದೆ. ಆರು. ಅದನ್ನೇ ಮಳೆಯ ನೀರಿನಲ್ಲಿ ತೊಳೆದು, ಟಾರ್ಚನ್ನು ನೆಲಕ್ಕೆ ಹಿಡಿದು, ಮೆಟ್ಟಿಲಿನಿಂದ ನಾಲ್ಕು ಹೆಜ್ಜೆ ಈಚೆ ನಿಂತು, ಅವ್ವ, ಎದ್ದಿದ್ದೀಯಾ, ಎಂದು ಕೇಳಿದೆ.